ಒತ್ತಿದಾಗಲೋ, ಬಿಟ್ಟಾಗಲೋ

ಭಾನುವಾರ ಗೋಣಿಕೊಪ್ಪದಲ್ಲಿ ಕಿವಿಗೆ ಕೆಲಸವಿಲ್ಲ.
ಸಂತೆಯ ಮೈಕು, ಜೀಪುಗಳ ಹಾರ್ನು, ಬುಟ್ಟಿಯೊಳಗಿನ ಕೋಳಿ.
ಅದಕ್ಕೇ ಹೇಳಿದೆ, ಡಾಕ್ಟ್ರೇ,
ನಾಲ್ಕು ಗಂಟೆ ಆಗಲಿ, ಜನ ಕರಗಲಿ,
ಆಮೇಲೆ ಕೇಳೋಣ ನಿಮ್ಮ ಗಾಡಿ ಏನಂತದೆ ಅಂತ.

ಎರಡೇ ಸೀಟು. ಕೆಂಪು. ನೆಲಕ್ಕೂ ಹೊಟ್ಟೆಗೂ ನಾಲ್ಕು ಬೆರಳು.
ಕೊಯ್ಲಾದ ಗದ್ದೆಯ ಆಟೋಕ್ರಾಸಿಗೆ
ಇವರಿಗೆ ಬೇರೆ ಜಿಪ್ಸಿ ಇದೆ;
ಇದು ಬರೀ ಟಾರು ರಸ್ತೆಗೆ, ಬೆಳಗಿನ ಜಾವಕ್ಕೆ,
ಮಾಕುಟ್ಟದ ತಿರುವಲ್ಲಿ ಆನೆ ನಿಂತಿರದ ದಿನಕ್ಕೆ.

"ಮೈಸೂರಲ್ಲಿ ಇಡೀ ಕ್ಲಚ್ ಸೆಟ್ಟೇ ಬದಲಿಸಿ ಅಂದರು, ಮೊಯ್ದು.
ತೊಂಬತ್ತು ಸಾವಿರ."
ಬಾನೆಟ್ಟು ಎತ್ತದೆಯೇ ಅಂದರಂತೆ.

ನಾನೂ ಎತ್ತಲಿಲ್ಲ.
ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತೆ.
ನ್ಯೂಟ್ರಲ್. ಹ್ಯಾಂಡ್ ಬ್ರೇಕು. ಕಾಲು ತೆಗೀರಿ.
ಬಂತು,
ತಗಡಿನ ಮೇಲೆ ಒಣ ಚೆರ್ರಿ ಕಾಫಿ
ಹೊರಳಿದ ಹಾಗೆ.
ಒತ್ತಿ. ಪೂರ್ತಿ.
ನಿಂತಿತು.
ಬಿಡಿ.
ಮತ್ತೆ ಕಾಫಿ.

ಹಿಂದಿನಿಂದ ಸಜಿ, "ಗೇರ್‌ಬಾಕ್ಸ್ ಬೇರಿಂಗು, ಉಸ್ತಾದ್.
ಒತ್ತಿದರೆ ಶಾಫ್ಟು ನಿಲ್ತದೆ, ಸದ್ದೂ ನಿಲ್ತದೆ."
ತಪ್ಪಲ್ಲ. ಅವನ ವಯಸ್ಸಲ್ಲಿ ಅಷ್ಟಕ್ಕೇ ನಾನು
ಸ್ಪ್ಯಾನರ್ ಎತ್ತುತ್ತಿದ್ದೆ.
ಒಂದು ಪ್ರಶ್ನೆ ಉಳಿದಿತ್ತು.
ಡಾಕ್ಟ್ರೇ, ಒತ್ತಬೇಡಿ, ಸುಮ್ಮನೆ ಇಡಿ ಕಾಲು.
ಈಗಷ್ಟೇ ನಿದ್ದೆ ಹೋದ ಕೂಸಿನ ಮೇಲೆ
ಕೈ ಇಡ್ತಾರಲ್ಲ, ಅಷ್ಟೇ ಭಾರ.

ಅರ್ಧ ಇಂಚು ಇಳಿಯಿತು ಪೆಡಲು.
ಸದ್ದಿಲ್ಲ.

ಒಳಗೆ ಶಾಫ್ಟು ಇನ್ನೂ ತಿರುಗುತ್ತಲೇ ಇದೆ, ಸಜಿ, ನೋಡು,
ಸದ್ದು ಮಾತ್ರ ಇಲ್ಲ.
ಹಾಗಾದರೆ ಅದರದ್ದಲ್ಲ.
ಫೋರ್ಕಿನ ಕ್ಲಿಪ್ಪು ಸಡಿಲ, ಹಿಡಿಯುವವರಿಲ್ಲದೆ ಅದುರುತ್ತಿದೆ.
ನಲವತ್ತು ರೂಪಾಯಿಯ ತಂತಿ ಚೂರು.

"ಕಾಲಿಟ್ಟರೆ ನಿಲ್ತದೆ ಅಂತ ಗೊತ್ತಿತ್ತು," ಅಂದರು,
ಸ್ಟಿಯರಿಂಗ್ ಒರೆಸುತ್ತ.
"ಮೂರು ತಿಂಗಳಿಂದ ಕಾಲಿಟ್ಟೇ ಓಡಿಸ್ತಿದೀನಿ."

ಹೇಳಲೇಬೇಕಾಯಿತು.
ಸದ್ದು ಅಡಗಿಸಲು ಇಟ್ಟ ಕಾಲು
ಬೇರಿಂಗನ್ನು ತಿನ್ನುತ್ತ ಬಂದಿದೆ. ಎಷ್ಟು ಅಂತ ಇಳಿಸಿದ ಮೇಲೇ.
ಕ್ಲಿಪ್ಪಿಗೆ ನಲವತ್ತು,
ಗೇರ್‌ಬಾಕ್ಸ್ ಇಳಿಸಿ ಏರಿಸಲು ಒಂದೂವರೆ ದಿನ.

ನಕ್ಕರು. "ನಮ್ಮಲ್ಲೂ ಅದೇ.
ಹತ್ತಿಗೆ ಎರಡು ರೂಪಾಯಿ,
ಬಾಯಿ ತೆರೆಸೋದಕ್ಕೇ ಖರ್ಚು."

ಸಜಿ ಹುರಿದ ಹಲಸಿನ ಬೀಜ ತಂದ, ಕಾಗದದಲ್ಲಿ ಬಿಸಿ ಬಿಸಿ.
ನಾನು ಎಡಕ್ಕೆ ಹಾಕಿಕೊಂಡೆ.
ನೋಡಿಯೇಬಿಟ್ಟರು.
"ಬಲಗಡೆ ಏನಾಗಿದೆ?"
ಏನಿಲ್ಲ.
"ಎಷ್ಟು ದಿನದಿಂದ ಏನಿಲ್ಲ?"
ರಂಜಾನ್ ಮುಗಿದಾಗಿನಿಂದ.
"ಕಚ್ಚಿದಾಗ ನೋವೋ, ಬಿಟ್ಟಾಗಲೋ?"

ಮೂವತ್ತೊಂದು ವರ್ಷ ಕೇಳಿದ್ದೇನೆ ಇದನ್ನು,
ಲಾರಿಯವರನ್ನು, ಎಸ್ಟೇಟ್ ಜೀಪಿನವರನ್ನು,
ಒಮ್ಮೆ ಒಬ್ಬ ಪಾದ್ರಿಯನ್ನೂ.
ನನ್ನನ್ನು ಕೇಳಿದವರಿಲ್ಲ.
ಕಚ್ಚಿದೆ, ಮೆಲ್ಲಗೆ. ಕಾದೆ. ಬಿಟ್ಟೆ.

ಬಿಟ್ಟಾಗ,
ಕಿವಿಯ ತನಕ.

"ಹಾಗಾದರೆ ಬಿರುಕು," ಅಂದರು ಡಾಕ್ಟರ್ ಚೋಂದಮ್ಮ,
ನನ್ನದೇ ಟಾರ್ಚು ನನ್ನ ಬಾಯೊಳಗೆ ಬಿಟ್ಟು.
"ಬುಧವಾರ ವಿರಾಜಪೇಟೆಗೆ ಬಾ."
ಬುಧವಾರ ಅಲ್ಲಿ ಸಂತೆಯಲ್ವಾ, ಗದ್ದಲ.
"ನನ್ನ ಕೆಲಸಕ್ಕೆ ಕಿವಿ ಬೇಡ."

ಅವರನ್ನು ಬಸ್ಸು ಹತ್ತಿಸಿ ಬಂದ ಸಜಿ ಲೈಟು ಹಿಡಿದ.
ಗಾಡಿಯಡಿ ಮಲಗಿ ಮೊದಲ ಬೋಲ್ಟಿಗೆ ಸಾಕೆಟ್ ಕೂರಿಸಿದೆ.
ಬಿಗಿಯಿತ್ತು. ಹಲ್ಲು ಕಚ್ಚಿ ಎಳೆಯುವುದು ರೂಢಿ.
ಈ ಸಲ
ಬಾಯಿ ತೆರೆದೇ ಎಳೆದೆ.