ಒಂದು ಸಂಜೆಯ ಮಹಜರು

ದುದ್ದದ ರಸ್ತೆಯಲ್ಲಿ, ಕೈಮರದಿಂದ ಎರಡು ಕಿಲೋಮೀಟರು ಒಳಗೆ,
ಶನಿವಾರ ನಾಲ್ಕೂಕಾಲು ಗಂಟೆಗೆ,
ಖಚಿತ ಮಾಹಿತಿಯ ಮೇರೆಗೆ ಅಲ್ಲ,
ತಂಗಿಯ ಮಗಳು ಕೊಡಿಸಿದ ಟಿಕೆಟ್ಟಿನ ಮೇರೆಗೆ,
ನಾನು, ನಿವೃತ್ತ ಅಬಕಾರಿ ರಕ್ಷಕ,
ಮತ್ತು ನಮ್ಮ ಜೀಪಿನ ಡ್ರೈವರಾಗಿದ್ದ ಖಲೀಲ
ಗೇಟಿನೊಳಗೆ ಹೊಕ್ಕೆವು.
ಯಾರೂ ಓಡಲಿಲ್ಲ.

ಓಡದವರ ಮುಂದೆ ಹೇಗೆ ನಿಲ್ಲಬೇಕೆಂದು ನನಗೆ ತಿಳಿಯದು.
ಕೈ ತಾನಾಗಿ ಬೆಲ್ಟು ಹುಡುಕಿತು. ಬೆಲ್ಟಿರಲಿಲ್ಲ.
ತನುಶ್ರೀ ಅಂತ ಎದೆಗೆ ಹೆಸರು ಚುಚ್ಚಿಕೊಂಡ ಹುಡುಗಿ
"ಬನ್ನಿ ಅಂಕಲ್" ಅಂದಳು.

ತಂತಿಗೆ ಹಬ್ಬಿಸಿದ ದ್ರಾಕ್ಷಿ, ಸಾಲು ಸಾಲು.
ಸ್ಟೀಲಿನ ಟ್ಯಾಂಕು ಆರು, ಒಂದೊಂದೂ ಹಾಲಿನ ಡೈರಿಯದಷ್ಟು.
ಬಾಯಲ್ಲೇ ಲೆಕ್ಕ ಹಾಕಿದೆ: ಮೂವತ್ತು ಸಾವಿರ ಲೀಟರು.
ಇಡೀ ಸರ್ವೀಸಿನಲ್ಲಿ ನಾನು ಚೆಲ್ಲಿಸಿದ್ದು
ಇದರರ್ಧವೂ ಇರಲಾರದು.

"ಮೊದಲು ನೋಡಿ. ಆಮೇಲೆ ತಿರುಗಿಸಿ. ಮೂಸಿ.
ಏನು ಬರ್ತಿದೆ ಹೇಳಿ."
ಮೈಸೂರಿನಿಂದ ಬಂದ ಜೋಡಿ ಹೇಳಿತು, ಚೆರ್ರಿ.
ಇನ್ನೊಬ್ಬರು, ಹೊಸ ಚರ್ಮದ ಚೀಲ.
"ಈ ನೆಲದ ಮಣ್ಣೂ ಬರುತ್ತೆ" ಅಂದಳು ತನುಶ್ರೀ.
ಖಲೀಲ ದ್ರಾಕ್ಷಿ ರಸದ ಲೋಟ ಹಿಡಿದು ನನ್ನ ಕಿವಿಗೆ ಬಾಗಿದ:
"ಈ ನೆಲದಲ್ಲಿ ಮೊನ್ನೆವರೆಗೆ ಆಲೂಗಡ್ಡೆ ಇತ್ತಲ್ಲ ಸಾರ್."

ನನ್ನ ಸರದಿ. ಮೂಗು ಇಟ್ಟೆ.
ಇಪ್ಪತ್ತೊಂಬತ್ತು ವರ್ಷ ಸರ್ಕಾರ ಸಂಬಳ ಕೊಟ್ಟು ಸಾಕಿದ ಮೂಗು.
ಹುಲ್ಲಿನ ಬಣವೆ ಹಿಂದಿನಿಂದ, ಸೌದೆ ಅಟ್ಟಲಿನ ಅಡಿಯಿಂದ,
ಬಾವಿಯೊಳಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟ ಕ್ಯಾನಿನಿಂದ
ವಾಸನೆಯ ಜುಟ್ಟು ಹಿಡಿದು ಎಳೆತಂದದ್ದು.
ಅದು ಹೇಳಿತು: ಬೆಲ್ಲ. ಜಾಲಿ ಚಕ್ಕೆ. ಕೊಳೆ.
ನಾನು ಹೇಳಲಿಲ್ಲ.
"ಚೆನ್ನಾಗಿದೆ" ಅಂದೆ.

ಮೇಜಿನ ಪಕ್ಕ ಒಂದು ಬಕೀಟು.
ಬಾಯಿಗೆ ಹಾಕಿಕೊಂಡು ಅದಕ್ಕೆ ಉಗಿಯಬಹುದಂತೆ.
ಬಲ್ಲವರು ಹಾಗೇ ಮಾಡುವುದಂತೆ.

ಹೇಮಾವತಿ ನಾಲೆಯ ಪಕ್ಕ ಒಂದು ಹಿತ್ತಿಲು.
ನಿಂಗಾಜಮ್ಮ ಗಡಿಗೆಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು,
ಕೂಸಿಗೆ ನೀರು ಹುಯ್ಯುವವಳ ಹಾಗೆ.
ಅವಳೂ ಓಡಲಿಲ್ಲ.
"ಒಂದ್ ಗುಟುಕು ರುಚಿ ನೋಡ್ಬುಟ್ಟು ಒದೀರಿ ಸ್ವಾಮಿ,
ಒದ್ದಿದ್ದು ಏನು ಅಂತಾದ್ರೂ ಗೊತ್ತಾಗ್ಲಿ."
ಸಾಹೇಬರು ಹೇಳಿದರು, ನಾನು ಬರೆದೆ:
ಸುಮಾರು ನಲವತ್ತು ಲೀಟರ್ ಬೆಲ್ಲದ ಕೊಳೆಯನ್ನು
ಸ್ಥಳದಲ್ಲೇ ನಾಶಪಡಿಸಲಾಯಿತು.
ಅವಳ ಕೋಳಿಗಳು ಬಂದು ಕೆಸರು ಕೆದಕಿ, ಕುಕ್ಕಿ,
ತೂರಾಡಿ ಒಂದರ ಮೇಲೊಂದು ಬಿದ್ದವು.
ಅದನ್ನು ಬರೆಯಲಿಲ್ಲ.
ಕೋರ್ಟಿನ ಮೆಟ್ಟಿಲಲ್ಲಿ ನನ್ನ ಗುರುತು ಹಿಡಿದು ನಕ್ಕಳು:
"ಕೋಳಿ ಎಲ್ಲ ಚೆನ್ನಾಗವೆ ಸ್ವಾಮಿ."

ಬಕೀಟಿನ ಕಡೆ ನೋಡಲಿಲ್ಲ. ನುಂಗಿದೆ.
ಮೊದಲು ಹುಳಿ. ಆಮೇಲೆ ನೇರಳೆ ತಿಂದ ನಾಲಗೆಯ ಒಗರು.
ಕಡೆಗೆ ಏನೋ ಒಂದು,
ಅದರ ಹೆಸರು ಇಲಾಖೆ ಕಲಿಸಿರಲಿಲ್ಲ.

ಏಳೂವರೆಗೆ ಸಾಲಗಾಮೆ ರಸ್ತೆ. ಟಿಕೆಟ್ಟಿನ ಉಳಿದರ್ಧ.
ಬಿತ್ತನೆ ಆಲೂಗಡ್ಡೆಯ ಮಂಡಿಯಿದ್ದ ಕಟ್ಟಡ, ಈಗ ಮಹಡಿ ಮೇಲೆ ವೈನ್ ಬಾರ್.
ದೀಪ ಎಷ್ಟು ಮಂಕೆಂದರೆ
ಕರೆಂಟು ಹೋಗಿದೆ ಅಂದುಕೊಂಡು ಖಲೀಲ ಮೊಬೈಲ್ ಬೆಳಗಿದ.
ಅಭ್ಯಾಸಬಲ: ಹಿಂಬಾಗಿಲು ಎಲ್ಲಿದೆ ನೋಡಿದೆ,
ಬಾಟಲಿ ಎಣಿಸಿದೆ, ಗೋಡೆಯ ಲೈಸೆನ್ಸು ಓದಿದೆ.
ಜೂನ್ ಮೂವತ್ತಕ್ಕೆ ಮುಗಿದಿತ್ತು. ಅವತ್ತು ಜುಲೈ ಒಂಬತ್ತು.
ಖಲೀಲನೂ ಓದಿದ. ಇಬ್ಬರೂ ಮುಖ ಮುಖ ನೋಡಿಕೊಂಡೆವು.
ಅಷ್ಟರಲ್ಲಿ ಹುರಿದ ಆಲೂಗಡ್ಡೆ ಬಂತು,
ಮೇಲೆ ಎಂಥದೋ ಸೊಪ್ಪು, ನಾನೂರ ಹತ್ತು ರೂಪಾಯಿ.
ತಿಂದೆವು.

ಇಳಿಯುವಾಗ ಮೆಟ್ಟಿಲ ಬೆಳಕಿನಲ್ಲಿ ಕಂಡಿತು,
ಬಿಳಿ ಅಂಗಿಯ ತೋಳಿನ ಮೇಲೆ ಕಾಸಗಲ ಕೆಂಪು.
ಜಪ್ತಿಯಾದ ಮಾಲು ಇಷ್ಟೆ.
ಅರಗು ಹಾಕಿ ಸೀಲು ಮಾಡಿಲ್ಲ.

ಮಹಜರಿಗೆ ಪಂಚರು ಇಬ್ಬರು ಬೇಕು.
ಒಂದನೆಯವರು ಖಲೀಲ್ ಅಹಮದ್, ಕುಡಿದಿಲ್ಲ, ಸಹಿ ಮಾಡಿದ್ದಾನೆ.
ಎರಡನೆಯವರ ಜಾಗ ಖಾಲಿ ಬಿಟ್ಟಿದ್ದೇನೆ,
ಒಂದು ಹೆಬ್ಬೆಟ್ಟು ಊರುವಷ್ಟು.