ಕೇಳುವವನನ್ನು ಭಾಗಿಸು

ಸಿಲಬಸ್ಸು ಬರೆದವರು ಬಯಲುಸೀಮೆಯವರಿರಬೇಕು.
ಪೊನ್ನಂಪೇಟೆಯ ಜೂನ್ ಗೊತ್ತಿದ್ದರೆ
ಸ್ಥಾಯೀ ವಿದ್ಯುತ್ತನ್ನು ಮೊದಲ ಪಾಠಕ್ಕೆ ಇಡುತ್ತಿರಲಿಲ್ಲ.
ಬಾಚಣಿಗೆಯಿಂದ ನಲವತ್ತು ಸಲ ತಲೆ ಬಾಚಿದೆ;
ಕಾಗದದ ಚೂರು ಮೇಜು ಬಿಟ್ಟು ಏಳಲಿಲ್ಲ,
ಒದ್ದೆ ಚಪ್ಪಲಿಗೆ ಎಲೆ ಅಂಟಿದ ಹಾಗೆ.
ಗಾಳಿಯೇ ಅರ್ಧ ನೀರಾಗಿರುವ ಊರಲ್ಲಿ
ಆವೇಶ ನಿಲ್ಲುವುದಿಲ್ಲ, ಸೋರಿಹೋಗುತ್ತದೆ.
"ಆವೇಶ ಬರಬೇಕಾದರೆ ಚೆಂಡೆ ಬೇಕು ಮೇಡಂ"
ಅಂದ ಹಿಂದಿನ ಬೆಂಚಿನ ಮೊಣ್ಣಪ್ಪ.
ತರಗತಿ ನಕ್ಕಿತು, ನಾನೂ.
ಜನವರಿಯಲ್ಲಿ ತೋರಿಸುತ್ತೇನೆ, ಬರೆದಿಟ್ಟುಕೊಳ್ಳಿ,
ಈಗ ಸಾಲ ಅಂದೆ.

ಹಲಗೆಯ ನಡುವೆ ಒಂದೇ ಒಂದು ಚುಕ್ಕೆ ಇಟ್ಟೆ.
ಇದು ಆವೇಶ. ಸುತ್ತ ಯಾರೂ ಇಲ್ಲ,
ತಳ್ಳಲಿಕ್ಕಿಲ್ಲ, ಸೆಳೆಯಲಿಕ್ಕಿಲ್ಲ.
ಹಾಗಾದರೆ ಸುತ್ತಲಿನ ಜಾಗ
ಚುಕ್ಕೆ ಬರುವ ಮುಂಚೆ ಇದ್ದ ಹಾಗೇ ಇದೆಯೇ?

ಹೆಂಚಿನ ಮೇಲೆ ಮಳೆ ಮಾತ್ರ ಮಾತಾಡುತ್ತಿತ್ತು.
ಆಮೇಲೆ ಚುಬ್ರ ಎದ್ದ. ತಿತಿಮತಿ ಕಡೆಯ ಹುಡುಗ,
ಅಪ್ಪ ಆನೆ ಓಡಿಸುವ ತಂಡದಲ್ಲಿ ದಿನಗೂಲಿ.
"ಇಲ್ಲ ಮೇಡಂ. ತೋಟದೊಳಗೆ ಸಲಗ ನಿಂತಿದ್ದರೆ
ಲೈನ್‌ಮನೆಯಿಂದ ಬಸ್‌ಸ್ಟ್ಯಾಂಡಿನ ದಾರಿ ಅದೇ ದಾರಿಯಾಗಿ ಇರಲ್ಲ.
ಯಾರೂ ನಡೀದೆ ಇದ್ದರೂ ಇರಲ್ಲ.
ಬೈನೆ ಮರದ ಹತ್ತಿರ ಇಷ್ಟು, ಕಣದ ಹತ್ತಿರ ಇಷ್ಟೇ,
ಒಂದೊಂದು ಜಾಗಕ್ಕೂ ಒಂದೊಂದು ಅಳತೆ.
ಯಾವ ಕಡೆ ಓಡಬೇಕು ಅನ್ನೋದೂ
ಆ ಜಾಗದಲ್ಲೇ ಬರೆದಿರುತ್ತೆ."

ಹದಿನಾರು ವರ್ಷ ನಾನು ಬರೆಸಿದ ವ್ಯಾಖ್ಯೆ
ಹಲಗೆಯ ಮೇಲೆ ಇಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ.

ಆದರೆ ಚುಬ್ರ, ಭಯ ನಡೆಯುವವನದು.
ನಿನ್ನಪ್ಪನಿಗೆ ಒಂದು ಪಾಲು, ನನಗೆ ಹತ್ತು.
ಆದ್ದರಿಂದ ಯಾರು ಹೋದರೋ ಅವರಿಂದಲೇ ಭಾಗಿಸು.
ಬಲವನ್ನು ಆವೇಶದಿಂದ ಭಾಗಿಸು.
ಕೇಳುವವನು ಹೋಗಿ ಉಳಿಯುತ್ತದಲ್ಲ
ಜಾಗದ್ದೇ ಆದ ಒಂದು ಬೆಲೆ, ಒಂದು ದಿಕ್ಕು,
ಅದಕ್ಕೆ ವಿದ್ಯುತ್ ಕ್ಷೇತ್ರ ಅನ್ನುತ್ತೇವೆ.
(ಕ್ಷೇತ್ರ ಅಂದರೆ ತಲಕಾವೇರಿ ಎಂದಷ್ಟೇ ತಿಳಿದಿದ್ದ
ಮುಂದಿನ ಸಾಲು ತಲೆ ಎತ್ತಿತು.)

"ಕೇಳಲು ಹೋದವನೇ ಆನೆಯಷ್ಟಿದ್ದರೆ?" ಮುಹ್ಸಿನಾ.
ಆಗ ಆನೆಯೇ ಜಾಗ ಬದಲಿಸುತ್ತದೆ.
ಅದಕ್ಕೇ ಪರೀಕ್ಷಾ ಆವೇಶ ತೀರ ಚಿಕ್ಕದು,
ಪ್ರಶ್ನೆಯಿಂದ ಉತ್ತರ ಅಲುಗದಷ್ಟು.
ಋಣ ಆವೇಶವೋ, ಅದು ಮೊಣ್ಣಪ್ಪನ ಹಾಗೆ,
ಎಲ್ಲರೂ ಓಡುವಾಗ ಮೊಬೈಲ್ ಹಿಡಿದು
ಆನೆಯ ಕಡೆಗೇ ಹೋಗುವುದು.
ದಾರಿಯ ಬಾಣ ಮಾತ್ರ ಅವನಿಗಾಗಿ ತಿರುಗುವುದಿಲ್ಲ.

ಜನವರಿ.
ಕಿಟಕಿಯೊಳಗೆ ಕಣದ ಕಾಫಿ ಒಣಗುವ ವಾಸನೆ,
ಸ್ವೆಟರು ಕಳಚಿದರೆ ಚಟಚಟ.
ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ,
ಮೇಲೆ ಚಿಟಿಕೆ ಚಿರೋಟಿ ರವೆ. ಬೊಳ್ಳವ್ವ ತಂದದ್ದು;
ಕಡಂಬಿಟ್ಟಿಗೆ ಆಗದ ರವೆ ಯಾಕೆ ಅಂತ
ಅವಳಜ್ಜಿ ಡಬ್ಬಿಯನ್ನೇ ಕೊಟ್ಟುಬಿಟ್ಟರಂತೆ.
ಎರಡು ತಂತಿ ಮುಳುಗಿಸಿದೆ,
ತುಕ್ಕು ಹಿಡಿದ ಕೈಯಂತ್ರ ಅವಳೇ ತಿರುಗಿಸಿದಳು.

ಮೊದಲು ಏನೂ ಇಲ್ಲ.
ಆಮೇಲೆ ರವೆ ಮಿಸುಕಿತು.
ಒಂದೊಂದು ಕಾಳೂ ನಿಂತಲ್ಲೇ ಹೊರಳಿ
ಒಂದರ ಬಾಲಕ್ಕೆ ಇನ್ನೊಂದರ ತಲೆ,
ಈ ತಂತಿಯಿಂದ ಆ ತಂತಿಗೆ ಬಾಗಿ, ಬಳುಕಿ,
ಎಲ್ಲೂ ಗೆರೆ ಗೆರೆಯನ್ನು ಕಡಿಯದೆ.
ಒಂದು ಜಾಗಕ್ಕೆ ಎರಡು ದಿಕ್ಕು ಇರಲಾರದು
ಎನ್ನಲು ಬಾಯಿ ತೆರೆದೆ.
ಯಾರೂ ನನ್ನತ್ತ ನೋಡುತ್ತಿರಲಿಲ್ಲ.

ಚುಬ್ರ ಕೈ ಚಾಚಿದ, ಎಣ್ಣೆಗಲ್ಲ,
ತಂತಿಗಳಿಂದ ಆಚೆ, ಬರೀ ಗಾಳಿಗೆ.
"ಇಲ್ಲೂ ಇದೆಯಾ ಮೇಡಂ? ರವೆ ಇಲ್ಲದ ಕಡೆ?"
ನಾನು ಉತ್ತರ ಕೊಡಲಿಲ್ಲ.
ಅವನ ಮುಂಗೈಯ ರೋಮ
ಒಂದೊಂದಾಗಿ ಎದ್ದು ನಿಲ್ಲುತ್ತಿತ್ತು.