ಏಳೂವರೆಯ ಬಸ್ಸು

ಮೊದಲು ಗಾಳಿಯನ್ನೇ ಅನುಮಾನಿಸಿದೆ.
ಒರುರೊ ಹನ್ನೆರಡು ಸಾವಿರ ಅಡಿ ಎತ್ತರದ ಊರು,
ಕೆಳಗಿನಿಂದ ಬಂದವರು ಇಲ್ಲಿ ಮೆಟ್ಟಿಲ ನಡುವೆ ನಿಂತು
ಉಸಿರು ಹೆಕ್ಕಿಕೊಳ್ಳುತ್ತಾರೆ.
ಅಂಗೈಯಗಲದ ಫ್ಯಾನು ಈ ತೆಳು ಗಾಳಿಯಲ್ಲಿ
ಎಷ್ಟು ತಾನೇ ಬೀಸೀತು?

ಬಸ್ ನಿಲ್ದಾಣದ ಒಂಬತ್ತನೇ ಕಿಂಡಿ.
ಟಿಕೆಟು ಕೊಡುವವಳು ಪ್ರಿಸ್ಕಾ ಕೊಂಡೋರಿ. ಪೀಠಿಕೆ ಇಲ್ಲ.
"ಸಾಯುತ್ತದೆ, ತಾನೇ ಎದ್ದು ಕೂರುತ್ತದೆ.
ಕೇಳಿದರೆ ಏನೂ ನೆನಪಿಲ್ಲ ಅನ್ನುತ್ತದೆ.
ನನ್ನ ಗಂಡನೂ ಹೀಗೇ ಇದ್ದ, ಕುಡಿದ ರಾತ್ರಿ."

ಇಪ್ಪತ್ಮೂರನೇ ಸೀಟು ಎರಡು ಸಲ ಮಾರಾಟವಾಗಿತ್ತಂತೆ;
ಒಬ್ಬಳ ಮಡಿಲಲ್ಲಿ ಚೀಸಿನ ಬುಟ್ಟಿ, ಒಬ್ಬನ ಕಂಕುಳಲ್ಲಿ ಹುಂಜ,
ಉಯುನಿವರೆಗೂ ಜಗಳ.
ಮಾಲೀಕ ಹೇಳಿಕಳಿಸಿದ್ದ: ಹೊಸ ಯಂತ್ರ ಬೇಕಾದರೆ
ಅವಳ ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ.

ಡಬ್ಬಿ ಬಿಚ್ಚಿದೆ. ಒಳಗೆ ಬಯಲಿನ ಉಪ್ಪುಧೂಳು,
ಲಾಮಾದ ನಾಲ್ಕು ಕೂದಲು, ಒಂದು ಕೋಕಾ ಎಲೆ;
ಅದು ಹೇಗೆ ಹೋಯಿತೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಊದಿದೆ. ಬ್ರಶ್ಶಿನಿಂದ ತಿಕ್ಕಿದೆ. ಪ್ರೊಸೆಸರಿನ ನೆತ್ತಿಗೆ
ಹೊಸ ಲೇಪ ಹಚ್ಚಿದೆ, ಮಗುವಿನ ಹಣೆಗೆ ತಣ್ಣೀರುಪಟ್ಟಿಯಂತೆ.
ಜ್ವರ ಇರಲೇ ಇಲ್ಲ: ನಲವತ್ತೊಂದು ಡಿಗ್ರಿ.
ಆದರೂ ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ
ಪರದೆ ಕಪ್ಪಾಯಿತು.

ಮೆಮೊರಿ ಪಟ್ಟಿ ಎರಡಿದ್ದವು; ಒಂದನ್ನು ಕಿತ್ತೆ,
ಮರುದಿನ ಅದನ್ನಿಟ್ಟು ಇನ್ನೊಂದನ್ನು ಕಿತ್ತೆ.
ಕೆಪಾಸಿಟರುಗಳ ತಲೆ ಸವರಿದೆ, ಒಂದೂ ಉಬ್ಬಿಲ್ಲ.
ಪವರ್ ಸಪ್ಲೈ ಬದಲಿಸಿದೆ, ನನ್ನ ಸ್ವಂತದ್ದು, ಮನೆಯಿಂದ ತಂದು.
ವೈರಸ್ಸು ಹುಡುಕಿದೆ, ಸಿಗದಿದ್ದಕ್ಕೆ ಬೇಸರಪಟ್ಟೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿದ್ದಾರಲ್ಲ,
ನಾನು ಇಡೀ ಕೊಟ್ಟಿಗೆಗೇ ಹಾಕಿದ್ದೆ.

ನಾಲ್ಕನೇ ದಿನ, ಮಾಡಲು ಏನೂ ಉಳಿಯದೆ
ಲಾಗ್ ಓದುತ್ತ ಕೂತೆ. ಬಲು ಚುಟುಕು ದಿನಚರಿ ಅದು:
ಹಿಂದಿನ ಸಲ ನಿಂತದ್ದು ಅನಿರೀಕ್ಷಿತ.
ಬೆಳಿಗ್ಗೆ ಆರು ಮೂವತ್ತೆಂಟು. ಹನ್ನೊಂದು ಎಂಟು.
ಸಂಜೆ ಏಳು ಮೂವತ್ತೆಂಟು.
ಸೋಮವಾರ, ಮಂಗಳವಾರ, ಅದೇ ಮೂರು.
ಭಾನುವಾರ ಹನ್ನೊಂದರದ್ದು ಇಲ್ಲ.

"ಭಾನುವಾರ ಹನ್ನೊಂದಕ್ಕೆ ಏನು ವಿಶೇಷ?"
"ಏನಿಲ್ಲ," ಅಂದಳು ಪ್ರಿಸ್ಕಾ, ಲೋಟ ಊದುತ್ತ,
"ಅವತ್ತು ಆ ಬಸ್ಸಿಲ್ಲ."

ಜೋಳದ ನೇರಳೆ ಗಂಜಿ ನನ್ನ ಗಂಟಲಲ್ಲೇ ನಿಂತಿತು.
ವೇಳಾಪಟ್ಟಿ ನಾಲ್ಕು ದಿನದಿಂದ
ನನ್ನ ಬೆನ್ನ ಹಿಂದೆಯೇ ನೇತಾಡುತ್ತಿತ್ತು.
ಆರೂವರೆ. ಹನ್ನೊಂದು. ಏಳೂವರೆ.
ಉಳಿದ ಎಂಟು ನಿಮಿಷ ಯಂತ್ರದ ಗಡಿಯಾರದ ಸುಳ್ಳು.
ಬಸ್ ನಿಲ್ದಾಣದಲ್ಲಿ ಬಸ್ಸಿನ ಸದ್ದು ಯಾರಿಗೆ ಕೇಳುತ್ತದೆ?

ಗೋಡೆಯ ಆಚೆಗೇ ಉಯುನಿಯ ಬಸ್ಸು ನಿಲ್ಲುವುದು.
ಚಾಲಕ ತೆಯೋಫಿಲೊ ಕೀಲಿ ತಿರುಗಿಸಿದರೆ
ಮುದಿ ಇಂಜಿನ್ನು ನೆಲ ಹಿಡಿದು ಅಲ್ಲಾಡಿಸುತ್ತದೆ:
ಗೋಡೆ, ಮೇಜು, ಮೇಜಿನ ಕೆಳಗಿನ ಡಬ್ಬಿ,
ಡಬ್ಬಿಯ ಮುಖದಲ್ಲಿ ರೀಸೆಟ್ ಅನ್ನುವ ಬಟಾಣಿಯಷ್ಟು ಗುಂಡಿ.
ಅದರ ಸ್ಪ್ರಿಂಗು ಸೋತಿತ್ತು.
ನಡುಕವನ್ನೇ ಬೆರಳು ಅಂದುಕೊಳ್ಳುತ್ತಿತ್ತು.

ಯಂತ್ರಕ್ಕೆ ರೋಗವೇ ಇರಲಿಲ್ಲ.
ಯಾರೂ ಕೊಡದ ಆಜ್ಞೆಯನ್ನು
ದಿನಕ್ಕೆ ಮೂರು ಸಲ ಪಾಲಿಸುತ್ತಿತ್ತು, ಅಷ್ಟೇ.

ಮದರ್‌ಬೋರ್ಡಿನ ಮೂಲೆಯಿಂದ ಎರಡೆಳೆ ತಂತಿ ಎಳೆದುಬಿಟ್ಟೆ.
ಏಳೂವರೆಗೆ ಕಾದೆವು. ಪ್ರಿಸ್ಕಾ ಹ್ಯಾಟು ತೆಗೆದು
ಮಡಿಲಲ್ಲಿಟ್ಟುಕೊಂಡಳು.
ಕಿಂಡಿಯ ಗಾಜು ಗುಡುಗಿತು. ಲೋಟದೊಳಗೆ ಚಮಚ ಕುಣಿಯಿತು.
ಪ್ರಿಂಟರು ನಾಳೆಯ ಒಂದು ಟಿಕೆಟನ್ನು
ಪೂರ್ತಿ ಹೊರಗೆ ಹಾಕಿತು: ಇಪ್ಪತ್ಮೂರು, ಕಿಟಕಿ ಪಕ್ಕ.

"ಈಗ ಆ ಗುಂಡಿ?"
"ಸುಮ್ಮನೆ ಗುಂಡಿ. ಯಾವುದಕ್ಕೂ ಸೇರಿದ್ದಲ್ಲ."

ಬಗ್ಗಿ, ಹೆಬ್ಬೆರಳಿಟ್ಟು ಒತ್ತಿದಳು. ಏನೂ ಆಗಲಿಲ್ಲ.
ಮಾಲೀಕನ ಹೆಸರು ಹೇಳಿ ಇನ್ನೊಮ್ಮೆ ಒತ್ತಿದಳು.
ಗಂಡನ ಹೆಸರು ಹೇಳಿ ಕೊಂಚ ಮೆಲ್ಲಗೆ.
ನಾನು ಡಬ್ಬಿಯ ಸ್ಕ್ರೂಗಳನ್ನು ಎಣಿಸುತ್ತ ತಿರುಪುತ್ತಿದ್ದೆ,
ಅವಳು ಒತ್ತುತ್ತಲೇ ಇದ್ದಳು.
ಒಂದು ಸ್ಕ್ರೂ ಕಡಿಮೆ ಬಂತು.